ಗಾಜಿನ ಮನೆಯ ಆಯ್ಕೆ, ಗುಟ್ಟಿನ ಮತ: 1969ರ ಒಂದು ಸೋಲಿನ ಮೀಮಾಂಸೆ

ವಿಷಯ

1969ರ ಜುಲೈ ಎರಡನೇ ವಾರ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಸೇರಿತು. ರಾಷ್ಟ್ರಪತಿ ಜಾಕಿರ್ ಹುಸೇನ್ ಮೇ 3ರಂದು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡಿದ್ದರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿಯಾಗಿ ಆ ಹೊಣೆ ಹೊತ್ತಿದ್ದರು. ಪಕ್ಷದ ಅಭ್ಯರ್ಥಿ ಯಾರೆಂಬುದನ್ನು ಕಾಂಗ್ರೆಸ್ ಸಂಸದೀಯ ಮಂಡಳಿ ತೀರ್ಮಾನಿಸಬೇಕಿತ್ತು. ಪ್ರಧಾನಿ ಇಂದಿರಾ ಗಾಂಧಿ ಜಗಜೀವನ್ ರಾಮ್ ಹೆಸರನ್ನು ಮುಂದಿಟ್ಟರು. ಮಂಡಳಿಯ ಬಹುಮತ ಲೋಕಸಭೆಯ ಸ್ಪೀಕರ್ ನೀಲಂ ಸಂಜೀವ ರೆಡ್ಡಿಯವರ ಕಡೆಗೆ ಹೋಯಿತು. ಅದು ಜುಲೈ 12ರ ತೀರ್ಮಾನ. ಅಲ್ಲಿಂದ 35ನೇ ದಿನ, ಆಗಸ್ಟ್ 16ರಂದು ಮತದಾನ ನಡೆಯಿತು, 20ರಂದು ಎಣಿಕೆ. ಪಕ್ಷೇತರರಾಗಿ ನಿಂತ ಗಿರಿ ಗೆದ್ದರು. ಆಳುವ ಪಕ್ಷದ ಅಧಿಕೃತ ಅಭ್ಯರ್ಥಿ ಸೋತರು.

ಗಿರಿಯವರು ಕನ್ನಡಿಗರಿಗೆ ಹೊಸಬರಾಗಿರಲಿಲ್ಲ. 1965ರಿಂದ 1967ರವರೆಗೆ ಅವರು ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದರು. ಆಗ ಮುಖ್ಯಮಂತ್ರಿಯಾಗಿದ್ದವರು ಎಸ್. ನಿಜಲಿಂಗಪ್ಪ. ಅದೇ ನಿಜಲಿಂಗಪ್ಪನವರು 1969ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರು, ರೆಡ್ಡಿಯವರನ್ನು ಗೆಲ್ಲಿಸುವ ಹೊಣೆ ಹೊತ್ತವರು. ರೆಡ್ಡಿಯವರೂ ದೂರದವರಲ್ಲ, ನಮ್ಮ ಗೌರಿಬಿದನೂರಿಗೆ ತಾಗಿದ ಹಿಂದೂಪುರದಿಂದ 1967ರಲ್ಲಿ ಲೋಕಸಭೆಗೆ ಆರಿಸಿ ಬಂದಿದ್ದವರು.

ಅಂಕಿಗಳನ್ನು ಮೊದಲೇ ಇಟ್ಟುಬಿಡೋಣ. ರಾಷ್ಟ್ರಪತಿಯನ್ನು ಆರಿಸುವವರು ಸಂಸತ್ತಿನ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರು. ಒಬ್ಬೊಬ್ಬರ ಮತಕ್ಕೂ ಒಂದು ಮೌಲ್ಯವಿದೆ. ಅಂದು ಒಬ್ಬ ಸಂಸದನ ಮತಮೌಲ್ಯ 576. ಮೊದಲ ಪ್ರಾಶಸ್ತ್ಯದ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ಜನಸಂಘ ಮತ್ತು ಸ್ವತಂತ್ರ ಪಕ್ಷ ಬೆಂಬಲಿಸಿದ್ದ ಸಿ.ಡಿ. ದೇಶಮುಖ್ ಅವರಿಗೆ 1,12,769. ಗೆಲ್ಲಲು ಬೇಕಾಗಿದ್ದದ್ದು 4,18,169. ಯಾರೂ ಅದನ್ನು ಮುಟ್ಟದ ಕಾರಣ ಉಳಿದ ಅಭ್ಯರ್ಥಿಗಳ ಎರಡನೇ ಪ್ರಾಶಸ್ತ್ಯದ ಮತಗಳನ್ನು ಹಂಚಿದರು. ಕೊನೆಗೆ ಗಿರಿ 4,20,077, ರೆಡ್ಡಿ 4,05,427. ಅಂತರ 14,650.

ಸಂಶಯ

ಸೋಲು ಖಚಿತ. ಅದಕ್ಕೆ ಕಾರಣ ಯಾವುದು ಎಂಬಲ್ಲೇ ಜಗಳ. ಇಂದಿರಾ ಅವರ ದ್ರೋಹ ಎಂದು ಒಬ್ಬರು, ಬ್ಯಾಂಕ್ ರಾಷ್ಟ್ರೀಕರಣ ಎಂದು ಇನ್ನೊಬ್ಬರು, ಜನಸಂಘದ ಬಾಗಿಲು ತಟ್ಟಿದ್ದು ಎಂದು ಮತ್ತೊಬ್ಬರು. ಅಟ್ಟ ಮೇಲೆ ಒಲೆ ಉರಿಯುವುದು ಸಹಜ. ಸೋಲಿನ ಮರುದಿನ ಎಲ್ಲರಿಗೂ ಕಾರಣ ಗೊತ್ತಿರುತ್ತದೆ. ಇವುಗಳಲ್ಲಿ ಯಾವುದು ಕಾರಣ, ಯಾವುದು ಬರೀ ನಿಮಿತ್ತ, ಯಾವುದು ಎರಡೂ ಅಲ್ಲ ಎಂದು ಬಿಡಿಸಿ ನೋಡುವುದೇ ಇಲ್ಲಿನ ಕೆಲಸ.

ತೂಗುವ ತಕ್ಕಡಿ

ನಮ್ಮ ತಾರ್ಕಿಕರು ಕಾರಣವನ್ನು ಗುರುತಿಸಲು ಅನ್ವಯ–ವ್ಯತಿರೇಕ ಎಂಬ ಒರೆಗಲ್ಲನ್ನು ಕೊಟ್ಟಿದ್ದಾರೆ. ಅದಿದ್ದರೆ ಇದು ಇರಬೇಕು. ಅದಿಲ್ಲದಿದ್ದರೆ ಇದು ಇರಬಾರದು. ಜೊತೆಗೆ ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಮಡಕೆಗೆ ಮಣ್ಣು ಕಾರಣ, ಕುಂಬಾರ ಕಾರಣ, ಚಕ್ರ ಕಾರಣ. ಮಣ್ಣು ಹೊತ್ತು ತಂದ ಕತ್ತೆ ಕಾರಣವಲ್ಲ. ಕತ್ತೆ ಅಲ್ಲಿತ್ತು ನಿಜ, ಮಡಕೆಗೆ ಮುಂಚೆಯೇ ಇತ್ತು ನಿಜ. ಆದರೆ ಮಣ್ಣನ್ನು ಎತ್ತಿನ ಗಾಡಿಯಲ್ಲಿ ತಂದಿದ್ದರೂ ಮಡಕೆ ಆಗುತ್ತಿತ್ತು. ಹೀಗೆ ಹತ್ತಿರವಿದ್ದೂ ಕಾರಣವಾಗದ್ದನ್ನು ಅವರು ಅನ್ಯಥಾಸಿದ್ಧ ಎಂದು ಕರೆದರು.

ಹಣಾಹಣಿ ಚುನಾವಣೆಗೆ ಇಷ್ಟು ಸಾಲದು. ಅಂತರ 14,650 ಎಂದರೆ, 13 ಮಂದಿ ಸಂಸದರು ಗಿರಿಯವರನ್ನು ಬಿಟ್ಟು ರೆಡ್ಡಿಯವರ ಕಡೆ ಬಂದಿದ್ದರೆ ಫಲಿತಾಂಶ ತಿರುಗುತ್ತಿತ್ತು. 13 ಜನರ ಮನಸ್ಸನ್ನು ತಿರುಗಿಸಲು ಎಷ್ಟೋ ಸಂಗತಿಗಳಿಗೆ ಸಾಧ್ಯ: ಒಂದು ಕರಪತ್ರ, ಒಂದು ಭೇಟಿ, ಒಂದು ಹಳೆಯ ಮುನಿಸು. ಹಾಗಾಗಿ ‘ಅದೊಂದು ಆಗದಿದ್ದರೆ ಗೆಲ್ಲುತ್ತಿದ್ದರು’ ಎಂಬ ಮಾತನ್ನು ಇಲ್ಲಿ ಹತ್ತಾರು ಸಂಗತಿಗಳ ಬಗ್ಗೆ ಹೇಳಬಹುದು. ಎಲ್ಲಕ್ಕೂ ಸಲ್ಲುವ ಮಾತು ಯಾವುದನ್ನೂ ತೋರಿಸಿಕೊಡುವುದಿಲ್ಲ. ಆದ್ದರಿಂದ ಇನ್ನೊಂದು ಅಳತೆ ಬೇಕು. ಪ್ರಮಾಣದ ಅಳತೆ ಎನ್ನೋಣ. ಮೂಲಕಾರಣ ಎನಿಸಿಕೊಳ್ಳುವುದು ಕೊನೆಯ 14,650ನ್ನು ಮಾತ್ರ ವಿವರಿಸಿದರೆ ಸಾಲದು; ಪಂದ್ಯ ಅಷ್ಟು ಬಿಗಿಯಾದದ್ದೇಕೆ ಎಂಬುದನ್ನೂ ವಿವರಿಸಬೇಕು.

ಎರಡೇ ವರ್ಷ ಹಿಂದೆ, 1967ರ ಮೇ ತಿಂಗಳಲ್ಲಿ, ಕಾಂಗ್ರೆಸ್ಸಿನ ಜಾಕಿರ್ ಹುಸೇನ್ ಅವರು ವಿರೋಧ ಪಕ್ಷಗಳ ಕೆ. ಸುಬ್ಬರಾವ್ ಅವರ 3,63,971ಕ್ಕೆ ಎದುರಾಗಿ 4,71,244 ಪಡೆದಿದ್ದರು. ರೆಡ್ಡಿಯವರ ಮೊದಲ ಪ್ರಾಶಸ್ತ್ಯದ ಮತ ಅದಕ್ಕಿಂತ 1,57,696 ಕಡಿಮೆ. ನಡುವೆ 1969ರ ಮಧ್ಯಂತರ ಚುನಾವಣೆಗಳಲ್ಲಿ ಕಾಂಗ್ರೆಸ್ ಸ್ಥಾನ ಕಳೆದುಕೊಂಡಿತ್ತು ಎನ್ನಬಹುದು. ದೊಡ್ಡ ಕುಸಿತ ಆದದ್ದು ಪಶ್ಚಿಮ ಬಂಗಾಳದಲ್ಲಿ, 127ರಿಂದ 55ಕ್ಕೆ. ಅಲ್ಲಿನ ಶಾಸಕನ ಮತಮೌಲ್ಯ 125. ಲೆಕ್ಕ ಹಾಕಿದರೆ ನಷ್ಟ 9,000. ಒಂದೂವರೆ ಲಕ್ಷದ ಹಳ್ಳ ಇದರಿಂದ ತುಂಬದು. ಪಕ್ಷದ ಒಳಗಿನಿಂದಲೇ ದೊಡ್ಡ ಪಾಲು ಎದ್ದು ಹೋಗಿದೆ. ನಾವು ಹುಡುಕಬೇಕಾದ ಕಾರಣ ಈ ಹಳ್ಳದ ಕಾರಣ.

ಪೂರ್ವಪಕ್ಷಗಳು

ಮೊದಲನೆಯ ಪಕ್ಷ: ಎರಡನೇ ಪ್ರಾಶಸ್ತ್ಯದ ಮತಗಳು ಕೈಕೊಟ್ಟವು.

ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರನ್ನು ಕಂಡು, ನಿಮ್ಮ ಎರಡನೇ ಮತ ರೆಡ್ಡಿಯವರಿಗಿರಲಿ ಎಂದು ಕೇಳಿದ್ದು ಎಲ್ಲರಿಗೂ ಗೊತ್ತು. ಆ ಮತಗಳು ಪೂರ್ತಿ ಬರಲಿಲ್ಲ, ಅದಕ್ಕೇ ಸೋತರು ಎನ್ನುವವರಿದ್ದಾರೆ. ಲೆಕ್ಕ ಬೇರೆಯೇ ಹೇಳುತ್ತದೆ. ಮರುಹಂಚಿಕೆಯಲ್ಲಿ ರೆಡ್ಡಿಯವರಿಗೆ ಸೇರಿದ್ದು 91,879. ಗಿರಿಯವರಿಗೆ 18,562 ಮಾತ್ರ. ಹಂಚಿಹೋದ ಪ್ರತಿ ನೂರರಲ್ಲಿ ಎಂಬತ್ತಮೂರು ರೆಡ್ಡಿಯವರಿಗೇ ಬಂದಿವೆ. ಮುಂದಿನ ಪ್ರಾಶಸ್ತ್ಯ ಗುರುತಿಸದೆ ನಿಂತುಹೋದ ಮತಗಳ ಮೌಲ್ಯ 10,833. ಅಷ್ಟನ್ನೂ ರೆಡ್ಡಿಯವರ ಖಾತೆಗೆ ಹಾಕಿದರೂ ಅವರು 4,16,260ಕ್ಕೆ ನಿಲ್ಲುತ್ತಾರೆ. ಗಿರಿ ಇನ್ನೂ ಮುಂದೆ. ಗಿರಿಯವರಿಗೆ ಹೋದ 18,562ರಲ್ಲಿ ಅರ್ಧ ಬಂದಿದ್ದರೆ ಗೆಲ್ಲುತ್ತಿದ್ದರು ಎಂದರೆ ಒಪ್ಪುತ್ತೇನೆ. ಆದರೆ 87,967ರ ಹಿನ್ನಡೆಯನ್ನು 14,650ಕ್ಕೆ ಇಳಿಸಿಕೊಟ್ಟ ನೆರವನ್ನೇ ಸೋಲಿನ ಕಾರಣ ಎನ್ನುವುದು ನ್ಯಾಯವಲ್ಲ. ಸೋಲು ಮೊದಲ ಎಣಿಕೆಯಲ್ಲೇ ಕೂತಿತ್ತು.

ಎರಡನೆಯ ಪಕ್ಷ: ಹೊಲಸು ಕರಪತ್ರ ಸೋಲಿಸಿತು.

ರೆಡ್ಡಿಯವರ ಶೀಲದ ಮೇಲೆ ಕೆಸರೆರಚುವ ಕರಪತ್ರವೊಂದು ಮತದಾರರ ನಡುವೆ ಹರಿದಾಡಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ರಾಷ್ಟ್ರಪತಿಯಾಗಿದ್ದ ಗಿರಿಯವರೇ ನ್ಯಾಯಾಲಯಕ್ಕೆ ಬಂದು ಸಾಕ್ಷಿ ನುಡಿದರು. 1970ರಲ್ಲಿ ಅರ್ಜಿ ವಜಾ ಆಯಿತು. ಆ ಕರಪತ್ರ ನಮ್ಮ ಸಾರ್ವಜನಿಕ ಬದುಕಿಗೆ ಅಂಟಿದ ಕಲೆ. ಆದರೂ ಪ್ರಮಾಣದ ಅಳತೆಯಲ್ಲಿ ಅದು ನಿಲ್ಲದು. ಒಬ್ಬಿಬ್ಬರ ಮನಸ್ಸನ್ನು ಅದು ಕದಡಿರಬಹುದು; ಒಂದು ಪಕ್ಷವನ್ನು ಎರಡಾಗಿ ಸೀಳುವ ಶಕ್ತಿ ಅದಕ್ಕಿರಲಿಲ್ಲ. ಅದು ಕುಂಬಾರನ ಕತ್ತೆಯ ಸಾಲಿಗೆ ಸೇರಿದ್ದು.

ಮೂರನೆಯ ಪಕ್ಷ: ವಿಪ್ ಹೊರಡಿಸಿದ್ದರೆ ಗೆಲುವು ಖಚಿತವಿತ್ತು.

ಸದಸ್ಯರಿಗೆ ಪಕ್ಷದ ಆಜ್ಞೆ ಹೊರಡಿಸಿ ಎಂದು ಅಧ್ಯಕ್ಷರು ಪ್ರಧಾನಿಯನ್ನು ಕೇಳಿದರು. ಅವರು ಒಪ್ಪಲಿಲ್ಲ, ಆತ್ಮಸಾಕ್ಷಿಗೆ ತಕ್ಕಂತೆ ಮತ ಹಾಕಲಿ ಎಂಬ ಮಾತು ಹೊರಟಿತು. ಸಂವಿಧಾನದ 55ನೇ ವಿಧಿ ಈ ಮತದಾನ ಗುಟ್ಟಾಗಿಯೇ ನಡೆಯಬೇಕೆಂದು ಹೇಳುತ್ತದೆ. ಆ ದಿನ ಒಬ್ಬ ಕಾಂಗ್ರೆಸ್ ಸದಸ್ಯ ಮತ ಹಾಕಲು ನಿಂತ ಗಳಿಗೆಯನ್ನು ನೆನೆಯಿರಿ. ಎದುರಿಗೆ ಹದಿನೈದು ಹೆಸರಿನ ಮತಪತ್ರ. ಒಂದು ಕಿವಿಯಲ್ಲಿ ಪಕ್ಷದ ಅಧ್ಯಕ್ಷರ ಸೂಚನೆ, ಇನ್ನೊಂದರಲ್ಲಿ ಸಂಸದೀಯ ಪಕ್ಷದ ನಾಯಕಿಯ ಮಾತು. ಹೆಸರಿನ ಎದುರು ‘1’ ಎಂದು ಬರೆಯುವಾಗ ಹೆಗಲ ಮೇಲಿಂದ ಬಗ್ಗಿ ನೋಡುವವರು ಯಾರೂ ಇಲ್ಲ. ಮಡಿಚಿ ಪೆಟ್ಟಿಗೆಗೆ ಹಾಕಿದ ಮೇಲೆ ಯಾರದೆಂದು ಹೇಳುವವರೂ ಇಲ್ಲ. ಅಲ್ಲಿ ವಿಪ್ಪಿನ ಹಗ್ಗ ಇದ್ದರೂ ಕಟ್ಟುವುದಕ್ಕೆ ಗೂಟವಿಲ್ಲ. ಹೊರಡಿಸಿದ್ದರೆ ಹೆದರುವ ಕೆಲವರು ಹಿಂದೆ ಸರಿಯುತ್ತಿದ್ದರೇನೋ, ಹಳ್ಳ ತುಂಬುತ್ತಿರಲಿಲ್ಲ.

ನಾಲ್ಕನೆಯ ಪಕ್ಷ: ಅಭ್ಯರ್ಥಿಯೇ ತಕ್ಕವರಲ್ಲ.

ಇದಕ್ಕೆ ಅನ್ವಯದ ಒರೆಯೇ ಉತ್ತರ. ಎಂಟು ವರ್ಷದ ನಂತರ, 1977ರಲ್ಲಿ, ಇದೇ ಸಂಜೀವ ರೆಡ್ಡಿಯವರು ಅವಿರೋಧವಾಗಿ ರಾಷ್ಟ್ರಪತಿಯಾದರು. ಅದು ತುರ್ತು ಪರಿಸ್ಥಿತಿಯ ನಂತರದ ಕಾಲ, ಗಾಳಿಯೇ ಬದಲಾಗಿತ್ತು ಎಂದು ಯಾರಾದರೂ ಹೇಳಿದರೆ, ನನ್ನ ವಾದಕ್ಕೆ ಅದೇ ಬಲ. ಮನುಷ್ಯ ಅದೇ, ಯೋಗ್ಯತೆ ಅದೇ, ಫಲ ಬೇರೆ. ಹಾಗಾದರೆ ಕಾರಣ ಮನುಷ್ಯನಲ್ಲಿರಲಿಲ್ಲ, ಅವರನ್ನು ನಿಲ್ಲಿಸಿದ ಸಂದರ್ಭದಲ್ಲಿತ್ತು.

ಐದನೆಯ ಪಕ್ಷ: ಇಂದಿರಾ ಅವರ ದ್ರೋಹ.

ಇದು ಬಲವಾದ ಪಕ್ಷ. ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದ ಕೈಯೇ ಮುಂದೆ ಹಿಂದೆಗೆಯಿತು. ಅದನ್ನು ತಪ್ಪೆಂದೇ ನಾನೂ ಹೇಳುತ್ತೇನೆ. ಸಹಿ ಎಂದರೆ ಮಾತು ಕೊಟ್ಟ ಹಾಗೆ. ಆದರೆ ಯಾರ ತಪ್ಪು ಎಂಬ ಪ್ರಶ್ನೆಯೇ ಬೇರೆ, ಏನು ಕಾರಣ ಎಂಬ ಪ್ರಶ್ನೆಯೇ ಬೇರೆ. ನಾಯಕಿ ಕೈಬಿಟ್ಟರು ಎಂದಮಾತ್ರಕ್ಕೆ ಅಷ್ಟು ಜನ ಹಿಂಬಾಲಿಸಬೇಕಿರಲಿಲ್ಲ. ಅಧ್ಯಕ್ಷರ ಮಾತು, ಮಂಡಳಿಯ ತೀರ್ಮಾನ, ಪಕ್ಷದ ಸಂಪ್ರದಾಯ ಎಲ್ಲವೂ ರೆಡ್ಡಿಯವರ ಕಡೆಗಿದ್ದವು. ನಾಯಕಿ ಕರೆದಾಗ ಹೋಗಲು ಸಿದ್ಧರಿದ್ದವರು ಏಕೆ ಸಿದ್ಧರಿದ್ದರು ಎಂಬುದೇ ಪ್ರಶ್ನೆ. ದ್ರೋಹ ಕಿಡಿ ಹಾರಿಸಿತು; ಹುಲ್ಲು ಏಕೆ ಒಣಗಿತ್ತು ಎಂಬುದಕ್ಕೆ ಅದು ಉತ್ತರ ಕೊಡುವುದಿಲ್ಲ.

ಆರನೆಯ ಪಕ್ಷ: ಬ್ಯಾಂಕ್ ರಾಷ್ಟ್ರೀಕರಣ.

ಇದು ಎಲ್ಲಕ್ಕಿಂತ ಸತ್ಯಕ್ಕೆ ಹತ್ತಿರ. ಜುಲೈ 16ರಂದು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಹೋಯಿತು. 19ರಂದು ಹದಿನಾಲ್ಕು ದೊಡ್ಡ ಬ್ಯಾಂಕುಗಳು ಸುಗ್ರೀವಾಜ್ಞೆಯಿಂದ ಸರ್ಕಾರದ್ದಾದವು; ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಎರಡೂ ಆ ಪಟ್ಟಿಯಲ್ಲಿದ್ದವು. ಸುಗ್ರೀವಾಜ್ಞೆಗೆ ಸಹಿ ಹಾಕಿದವರು ಹಂಗಾಮಿ ರಾಷ್ಟ್ರಪತಿ ಗಿರಿ. ಮರುದಿನವೇ ಅವರು ಹುದ್ದೆಗೆ ರಾಜೀನಾಮೆ ಕೊಟ್ಟು ಕಣಕ್ಕಿಳಿದರು. ಇದರ ಪರಿಣಾಮವನ್ನು ಸರಿಯಾಗಿ ಗ್ರಹಿಸಬೇಕು. ಜುಲೈ 12ರಂದು ಇದ್ದ ಪ್ರಶ್ನೆ, ರಾಷ್ಟ್ರಪತಿ ಯಾರಾಗಬೇಕು ಎಂಬುದು. ಒಂದು ವಾರದೊಳಗೆ ಅದು, ನೀನು ಬಡವರ ಕಡೆಗೋ ಉಳ್ಳವರ ಕಡೆಗೋ ಎಂಬ ಪ್ರಶ್ನೆಯಾಯಿತು. ಗಿರಿಯವರ ಬಳಿ ಆ ಪ್ರಶ್ನೆಗೆ ತಮ್ಮದೇ ಸಹಿಯ ಉತ್ತರವಿತ್ತು. ರೆಡ್ಡಿಯವರ ಬೆನ್ನಿಗಿದ್ದವರ ಬಳಿ ಉತ್ತರವೇ ಇರಲಿಲ್ಲ. ಅಂಥ ಹೊತ್ತಿನಲ್ಲೇ ಅಧ್ಯಕ್ಷರು ಜನಸಂಘ, ಸ್ವತಂತ್ರ ಪಕ್ಷದವರನ್ನು ಕಂಡದ್ದು ಎದುರಾಳಿಗಳ ಕೈಗೆ ಸಾಕ್ಷಿ ಕೊಟ್ಟ ಹಾಗಾಯಿತು. ಜಗಜೀವನ್ ರಾಮ್ ಮತ್ತು ಫಕ್ರುದ್ದೀನ್ ಅಲಿ ಅಹ್ಮದ್ ಆ ಭೇಟಿಗೆ ವಿವರಣೆ ಕೇಳಿ ಪತ್ರ ಬರೆದರು. ಕೊನೆಯ ಎಣಿಕೆಯಲ್ಲಿ ಕೂಡಿದ್ದಕ್ಕೆ ಮೊದಲ ಎಣಿಕೆಯಲ್ಲೇ ಬೆಲೆ ತೆರಬೇಕಾಯಿತು.

ಆದರೂ ರಾಷ್ಟ್ರೀಕರಣವೊಂದೇ ಮೂಲಕಾರಣವಲ್ಲ. ಮತ ಹಾಕಿದವರು ಬೀದಿಯ ಜನರಲ್ಲ, ಶಾಸಕರು ಮತ್ತು ಸಂಸದರು. ಬೀದಿಯ ಸಂತೋಷ ಅವರ ಮತಪತ್ರಕ್ಕೆ ಇಳಿದು ಬರಲು ನಡುವೆ ಒಂದು ಕಾಲುವೆ ಇರಬೇಕು. ಆ ಕಾಲುವೆ ಯಾವುದೆಂದು ಹೇಳುವುದೇ ಸಿದ್ಧಾಂತ.

ಸಿದ್ಧಾಂತ

ಆ ಕಾಲುವೆ 1967ರ ಭಯ. ಆ ವರ್ಷದ ಮಹಾಚುನಾವಣೆಯಲ್ಲಿ ಕಾಂಗ್ರೆಸ್ ಲೋಕಸಭೆಯ 520 ಸ್ಥಾನಗಳಲ್ಲಿ 283ಕ್ಕೆ ಇಳಿಯಿತು. ಎಂಟು ರಾಜ್ಯಗಳಲ್ಲಿ ಬಹುಮತ ಕಳೆದುಕೊಂಡಿತು. ಪಕ್ಷವನ್ನು ನಡೆಸುತ್ತಿದ್ದ ಹಿರಿಯರೇ ಮಣ್ಣು ಮುಕ್ಕಿದರು. ಕಾಮರಾಜರು ವಿರುದುನಗರದಲ್ಲಿ ಒಬ್ಬ ವಿದ್ಯಾರ್ಥಿ ನಾಯಕನೆದುರು ಸೋತರು. ಮುಂಬಯಿಯ ದೊರೆಯಂತಿದ್ದ ಎಸ್.ಕೆ. ಪಾಟೀಲರನ್ನು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಸೋಲಿಸಿದರು. ಅತುಲ್ಯ ಘೋಷ್ ಬಂಗಾಳದಲ್ಲಿ ಸೋತರು. ತಮ್ಮ ಕ್ಷೇತ್ರವನ್ನೇ ಉಳಿಸಿಕೊಳ್ಳಲಾಗದವರು ಮತ್ತೊಬ್ಬರ ಕ್ಷೇತ್ರವನ್ನು ಹೇಗೆ ಉಳಿಸಿಕೊಟ್ಟಾರು? ಒಬ್ಬೊಬ್ಬ ಸಾಮಾನ್ಯ ಸದಸ್ಯನೂ ಮನಸ್ಸಿನಲ್ಲಿ ಕೇಳಿಕೊಂಡ ಪ್ರಶ್ನೆ ಇದೇ ಎಂದು ನಾನು ತಿಳಿದಿದ್ದೇನೆ. 1969ರ ಜುಲೈ ಬಂದಾಗ ಗಾಜಿನ ಮನೆಯ ಬಹುಮತದ ಕೈಯಲ್ಲಿ ಅಪ್ಪಣೆ ಇತ್ತು; ಜನರನ್ನು ಮತ್ತೆ ಕರೆತರುವ ಭರವಸೆ ಪ್ರಧಾನಿಯ ಕೈಯಲ್ಲಿತ್ತು.

ಆದ್ದರಿಂದ ಸಿದ್ಧಾಂತ ಹೀಗೆ. ಉಪಾದಾನ ಕಾರಣ, ಎಂದರೆ ಸೋಲಿನ ಮಣ್ಣು: ಜನರ ಬೆಂಬಲ ಕಳೆದುಕೊಂಡೂ ವಿಧೇಯತೆಯನ್ನು ಕೇಳಿದ ಪಕ್ಷದ ಅಧಿಕಾರ. ನಿಮಿತ್ತ ಕಾರಣ, ಎಂದರೆ ಕುಂಬಾರನ ಕೈ: ಪ್ರಶ್ನೆಯನ್ನೇ ಬದಲಿಸಿದ ರಾಷ್ಟ್ರೀಕರಣ ಮತ್ತು ಆತ್ಮಸಾಕ್ಷಿಯ ಕರೆ. ಸಹಕಾರಿ ಕಾರಣ, ಎಂದರೆ ಚಕ್ರ: ಅಪ್ಪಣೆ ಮುರಿದವನನ್ನು ಯಾರೂ ಹಿಡಿಯಲಾಗದ ಗುಟ್ಟಿನ ಮತದಾನ. ಮೂರೂ ಸೇರಿದಾಗ ಮಡಕೆ ಆಯಿತು. ರೆಡ್ಡಿಯವರನ್ನು ಬೆಂಬಲಿಸಲು ಅವರ ಪಕ್ಷ ಸದಸ್ಯರಿಗೆ ‘ಇದು ತೀರ್ಮಾನ’ ಎಂಬ ಒಂದೇ ಕಾರಣ ಕೊಟ್ಟಿತು. ತೀರ್ಮಾನಿಸಿದವರ ಮೇಲೆ ನಂಬಿಕೆ ಕುಸಿದಿದ್ದಾಗ ಆ ಕಾರಣ ಸಾಲಲಿಲ್ಲ.

ಆಕ್ಷೇಪ–ಸಮಾಧಾನ

ಆಕ್ಷೇಪ: ಗುಟ್ಟಿನ ಮತ ಎಂದ ಮೇಲೆ ಸದಸ್ಯರ ಮನಸ್ಸು ನಿಮಗೆ ಹೇಗೆ ಗೊತ್ತು? ಒಬ್ಬನು ಬ್ಯಾಂಕಿಗಾಗಿ, ಇನ್ನೊಬ್ಬನು ಹಳೆಯ ಗೆಳೆತನಕ್ಕಾಗಿ ಗಿರಿಯವರಿಗೆ ಹಾಕಿರಬಹುದು.

ಸಮಾಧಾನ: ಒಬ್ಬೊಬ್ಬರ ಮನಸ್ಸು ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಆದರೆ ಗುಂಪಿನ ನಡೆ ಮುಂದೆ ಬಯಲಾಯಿತು. ನವೆಂಬರ್ 12ರಂದು ಇಂದಿರಾ ಅವರನ್ನು ಪಕ್ಷದಿಂದ ಹೊರಹಾಕಿದಾಗ ಸಂಸತ್ತಿನ ಕಾಂಗ್ರೆಸ್ಸಿಗರಲ್ಲಿ ಹೆಚ್ಚಿನವರು ಅವರ ಜೊತೆಗೇ ಉಳಿದರು. ಈ ಸಲ ಗುಟ್ಟಿರಲಿಲ್ಲ. ಹೆಸರು ಹೇಳಿ, ಮುಖ ತೋರಿಸಿ ಉಳಿದರು. ಕತ್ತಲಲ್ಲಿ ಹಾಕಿದ ಮತವೂ ಹಗಲಲ್ಲಿ ಇಟ್ಟ ಹೆಜ್ಜೆಯೂ ಒಂದೇ ದಿಕ್ಕಿಗೆ ಹೋದಾಗ, ಎರಡರ ಹಿಂದೆಯೂ ಒಂದೇ ಬಲವಿದೆ ಎಂದು ಊಹಿಸುವುದು ನ್ಯಾಯವೇ.

ಆಕ್ಷೇಪ: ಅಂತರ ನೂರಕ್ಕೆ ಎರಡೂ ಇಲ್ಲ. ಇದು ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧ ಹುಡುಕಿದ ಹಾಗಲ್ಲವೇ? ರೆಡ್ಡಿಯವರು ಕೂದಲೆಳೆಯಲ್ಲಿ ಗೆದ್ದಿದ್ದರೆ ನಿಮ್ಮ ಸಿದ್ಧಾಂತ ಏನಾಗುತ್ತಿತ್ತು?

ಸಮಾಧಾನ: ನಿಲ್ಲುತ್ತಿತ್ತು. ಕೊನೆಯ 13 ಮತಗಳು ಯಾವ ಕಡೆ ಬಿದ್ದವು ಎಂಬುದರಲ್ಲಿ ಅದೃಷ್ಟದ ಪಾಲಿದೆ ಎಂದು ಒಪ್ಪುತ್ತೇನೆ. ಆದರೆ ಗೆಲ್ಲಲೇಬೇಕಿದ್ದ ಅಭ್ಯರ್ಥಿಯನ್ನು ಅದೃಷ್ಟದ ಅಂಚಿಗೆ ತಂದು ನಿಲ್ಲಿಸಿದ್ದು ಅದೃಷ್ಟವಲ್ಲ. ರೆಡ್ಡಿಯವರು ಗೆದ್ದಿದ್ದರೂ ಪಕ್ಷ ಒಡೆದಿರುತ್ತಿತ್ತು ಎಂದೇ ನನ್ನ ಎಣಿಕೆ.

ಆಕ್ಷೇಪ: ನಿಜಲಿಂಗಪ್ಪನವರಂಥವರ ಮೇಲೆ ಈ ಹೊಣೆ ಹೊರಿಸುವುದು ಅನ್ಯಾಯ. ಏಕೀಕರಣಕ್ಕೆ ದುಡಿದವರು, 1967ರಲ್ಲೂ ಮೈಸೂರು ರಾಜ್ಯವನ್ನು ಪಕ್ಷಕ್ಕೆ ಉಳಿಸಿಕೊಟ್ಟವರು.

ಸಮಾಧಾನ: ಈ ಮಾತು ನನ್ನನ್ನೂ ಚುಚ್ಚುತ್ತದೆ. ಒಂದಾದ ಕನ್ನಡ ನಾಡಿನ ಮೊದಲ ಮುಖ್ಯಮಂತ್ರಿಯ ಬಗ್ಗೆ ಲಘುವಾಗಿ ಮಾತಾಡಲು ನನಗೆ ನಾಲಗೆ ಏಳದು. ಅವರು ಪಕ್ಷದ ನಿಯಮವನ್ನು ಮನಸಾರೆ ನಂಬಿದ್ದರು. ಮಂಡಳಿ ತೀರ್ಮಾನಿಸಿದ ಮೇಲೆ ಎಲ್ಲರೂ ಒಪ್ಪಬೇಕು ಎಂಬುದು ಅವರ ಪ್ರಾಮಾಣಿಕ ನಿಲುವು. ಅವರ ಎಡವಟ್ಟು ಒಂದೇ. ನಿಯಮಕ್ಕೆ ಬಲ ಬರುವುದು ಅದನ್ನು ಪಾಲಿಸುವವರ ಒಪ್ಪಿಗೆಯಿಂದ ಎಂಬುದನ್ನು ಆ 35 ದಿನಗಳಲ್ಲಿ ಅವರು ಕಡೆಗಣಿಸಿದರು. ಒಳ್ಳೆಯವರ ತಪ್ಪನ್ನು ತಪ್ಪೆಂದು ಹೇಳದಿದ್ದರೆ ಅವರ ಬದುಕಿನಿಂದ ನಾವು ಕಲಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಆಕ್ಷೇಪ: ಹಾಗಾದರೆ ಗೆದ್ದವರೇ ಸರಿ ಎಂದಾಯಿತು.

ಸಮಾಧಾನ: ಆಗಲಿಲ್ಲ. ಗೆಲುವು ಬಲವನ್ನು ತೋರಿಸುತ್ತದೆ, ಧರ್ಮವನ್ನಲ್ಲ. ಬೆಂಗಳೂರಿನ ಮಂಡಳಿಯಲ್ಲಿ ಇಂದಿರಾ ಅವರ ಪರ ನಿಂತ ಫಕ್ರುದ್ದೀನ್ ಅಲಿ ಅಹ್ಮದ್ ಅವರೇ 1974ರಲ್ಲಿ ರಾಷ್ಟ್ರಪತಿಯಾದರು; 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಆತ್ಮಸಾಕ್ಷಿಯ ಹೆಸರಿನಲ್ಲಿ ಒಂದು ಅಪ್ಪಣೆಯನ್ನು ಮುರಿದ ಪಕ್ಷ, ಇನ್ನೊಂದು ಅಪ್ಪಣೆಯೆದುರು ಆತ್ಮಸಾಕ್ಷಿಯನ್ನು ಮರೆಯಿತು. ಅದು ಬೇರೆ ಮೀಮಾಂಸೆಯ ವಿಷಯ. ಆದರೆ 1969ರ ಕಾರಣವನ್ನು ತಿಳಿಯುವುದು 1969ರ ಗೆಲುವನ್ನು ಪೂಜಿಸುವುದಲ್ಲ ಎಂಬುದಕ್ಕೆ ಇದಿಷ್ಟು ಸಾಕು.

ಪ್ರಯೋಜನ

ಈ ವಿಚಾರದಿಂದ ಮೂರು ಫಲ. ಹಣಾಹಣಿಯಲ್ಲಿ ಸೋತವರು ಮೊದಲು ಕೊನೆಯ ಅಂತರವನ್ನು ಬದಿಗಿಟ್ಟು, ತಮ್ಮದಾಗಿದ್ದೂ ಬಾರದೆ ಹೋದ ಮತಗಳನ್ನು ಎಣಿಸಲಿ. ಅಂತರ ನೋಡಿದರೆ ಶತ್ರು ಸಿಗುತ್ತಾನೆ, ಬಾರದ ಮತ ನೋಡಿದರೆ ಕಾರಣ ಸಿಗುತ್ತದೆ. ಎರಡನೆಯದು, ದ್ರೋಹಿಯನ್ನು ಹುಡುಕುವ ಮೊದಲು ದ್ರೋಹಕ್ಕೆ ಅಷ್ಟು ಜನ ಕಿವಿಗೊಟ್ಟದ್ದೇಕೆ ಎಂದು ಕೇಳಲಿ. ಮೂರನೆಯದು ಅಭ್ಯರ್ಥಿಯನ್ನು ಆರಿಸುವವರಿಗೆ: ಆಯ್ಕೆಯ ಕೋಣೆಯಲ್ಲಿ ಬಹುಮತ ಸಿಕ್ಕಿದ ಗಳಿಗೆಗೆ ಕೆಲಸ ಮುಗಿಯುವುದಿಲ್ಲ. ಆ ಕೋಣೆಯಲ್ಲಿಲ್ಲದವನು ನಾಳೆ ಮತಪತ್ರದ ಮುಂದೆ ಒಬ್ಬನೇ ನಿಲ್ಲುತ್ತಾನೆ. ಇವರಿಗೇ ಏಕೆ ಹಾಕಬೇಕು ಎಂದು ಅವನು ತನ್ನನ್ನು ಕೇಳಿಕೊಂಡಾಗ ಅವನ ಬಳಿ ಉತ್ತರವಿರಬೇಕು. 1969ರ ಆಗಸ್ಟ್ 16ರಂದು ಸಂಜೀವ ರೆಡ್ಡಿಯವರ ಪಕ್ಷದ ಎಷ್ಟೋ ಮಂದಿಯ ಬಳಿ ಆ ಉತ್ತರ ಇರಲಿಲ್ಲ. ಯಾರೂ ಅವರಿಗೆ ಅದನ್ನು ಕೊಟ್ಟಿರಲಿಲ್ಲ.